ಲೊ, ಲೆ, ಲಾ: ಲೋಜ್ಬಾನ್‌ನಲ್ಲಿ ಯಾವ ಆರ್ಟಿಕಲ್ ಯಾವಾಗ?

ಲೋಜ್ಬಾನ್ ಅನ್ನುವುದು ತರ್ಕಕ್ಕೆಂದೇ ಕಟ್ಟಿದ ಒಂದು ಕೃತಕ ಭಾಷೆ. ಅದನ್ನು ಕಲಿಯಲು ಕುಳಿತವರು ಶುರುವಿನಲ್ಲೇ ಎಡವುವ ಜಾಗ ಒಂದಿದೆ. ಪದಗಳ ಮುಂದೆ ಬರುವ ಪುಟ್ಟ ಪದಗಳು. ಲೊ, ಲೆ, ಲಾ. ಆಮೇಲೆ ಲೊಯ್, ಲೆಯ್, ಲಾಯ್. ಅದೂ ಸಾಲದು ಅಂತ ಲೊಹಿ, ಲೆಹಿ, ಲಾಹಿ, ಲೊಹೆ, ಲೆಹೆ. ಒಟ್ಟು 11. ಇವನ್ನು ಲೋಜ್ಬಾನ್‌ನಲ್ಲಿ ಗಾದ್ರಿ ಅನ್ನುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್ ಓದಿದ ನಮಗೆ ಆರ್ಟಿಕಲ್ ಅಂದರೆ ಬೇಗ ಅರ್ಥವಾಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ‘ದಿ’ ಅಂದರೆ ಲೆ, ‘ಎ’ ಅಂದರೆ ಲೊ ಅಂತ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡುಬಿಡುತ್ತೇವೆ. ಆ ಲೆಕ್ಕ ತಪ್ಪು.

ಅವಸರ ಇದ್ದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗೊತ್ತಾಗದಿದ್ದರೆ ಲೊ ಹಾಕಿ. ಹೆಸರಾದರೆ ಲಾ ಹಾಕಿ. ನಿಮ್ಮ ಮನಸ್ಸಿನಲ್ಲಿ ನಿರ್ದಿಷ್ಟವಾದ ಒಂದು ವಸ್ತು ಇದೆ, ಅದನ್ನು ತೋರಿಸಿಕೊಡಲೇಬೇಕು ಅನಿಸಿದರೆ ಲೆ. ಎಲ್ಲರೂ ಸೇರಿ ಒಟ್ಟಾಗಿ ಏನೋ ಮಾಡಿದರು ಅನ್ನಬೇಕಾದರೆ ಲೊಯ್. ಉಳಿದ ಏಳನ್ನು ಮೊದಲ ಕೆಲವು ತಿಂಗಳು ಮರೆತರೂ ನಷ್ಟವಿಲ್ಲ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಮುಂದೆ ಓದಿ.

ಬರಹದ ಬಗ್ಗೆ ಒಂದು ಮಾತು. ಲೋಜ್ಬಾನ್ ಬರೆಯುವುದು ಲ್ಯಾಟಿನ್ ಅಕ್ಷರದಲ್ಲಿ. ಇಲ್ಲಿ ನಾನು ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಮೂಲದಲ್ಲಿ ಎರಡು ಸ್ವರಗಳ ನಡುವೆ ಅಪಾಸ್ಟ್ರಫಿ ಬಂದರೆ ಅಲ್ಲಿ ‘ಹ’ ಸದ್ದು. ಲೊಹಿ, ಲೊಹೆಗಳಲ್ಲಿ ಕಾಣುವ ಹಕಾರ ಅದೇ. ಹ್ರಸ್ವ, ದೀರ್ಘ ಅನ್ನುವ ಭೇದ ಲೋಜ್ಬಾನ್‌ನಲ್ಲಿ ಇಲ್ಲ. ಹಾಗಾಗಿ ಲೊ ಅಂದರೂ ಲೋ ಅಂದರೂ ಒಂದೇ.

ಆರ್ಟಿಕಲ್ ಇಲ್ಲಿ ಮಾಡುವ ಕೆಲಸವೇ ಬೇರೆ

ಇಂಗ್ಲಿಷಿನಲ್ಲಿ ನಾಮಪದ ಮೊದಲೇ ಇರುತ್ತದೆ, ಆರ್ಟಿಕಲ್ ಅದಕ್ಕೆ ಅಂಟಿಕೊಳ್ಳುತ್ತದೆ. ಲೋಜ್ಬಾನ್‌ನಲ್ಲಿ ನಾಮಪದ, ಕ್ರಿಯಾಪದ ಅನ್ನುವ ವಿಂಗಡಣೆಯೇ ಇಲ್ಲ. ಗೆರ್ಕು ಅನ್ನುವ ಪದದ ಅರ್ಥ ‘ನಾಯಿಯಾಗಿರು’. ಸಿಪ್ನಾ ಅಂದರೆ ‘ನಿದ್ದೆಯಲ್ಲಿರು’. ಎರಡೂ ಒಂದೇ ಜಾತಿಯ ಪದಗಳು. ಗೆರ್ಕು ಮುಂದೆ ಲೊ ಬಂದಾಗ ಮಾತ್ರ ಅದು ‘ನಾಯಿಯಾಗಿರುವುದು’, ಅಂದರೆ ನಾಯಿ. ಲೊ ಸಿಪ್ನಾ ಅಂದರೆ ನಿದ್ದೆ ಮಾಡುತ್ತಿರುವವರು.

ದುಂದಾ ಅನ್ನುವ ಪದ ತೆಗೆದುಕೊಳ್ಳಿ. ಒಬ್ಬರು, ಒಂದು ವಸ್ತುವನ್ನು, ಇನ್ನೊಬ್ಬರಿಗೆ ಕೊಡುವುದು. ಮೂರು ಜಾಗಗಳಿವೆ. ಲೊ ದುಂದಾ ಅಂದರೆ ಕೊಡುವವರು. ಲೊ ಸೆ ದುಂದಾ ಅಂದರೆ ಕೊಟ್ಟ ವಸ್ತು. ಲೊ ತೆ ದುಂದಾ ಅಂದರೆ ಪಡೆಯುವವರು. ಆರ್ಟಿಕಲ್ ಬರುವುದು ಆ ಸಂಬಂಧದಿಂದ ಒಂದು ಜಾಗವನ್ನು ಎತ್ತಿಕೊಂಡು ವಾಕ್ಯಕ್ಕೆ ಕೊಡಲು. ಇಂಥ ಪದ ತಾನೊಂದೇ ನಿಂತರೆ ವಾಕ್ಯದಲ್ಲಿ ಕರ್ತೃವೂ ಆಗದು, ಕರ್ಮವೂ ಆಗದು. ‘ಇದು ಗೊತ್ತಿರುವುದಾ, ಹೊಸದಾ’ ಅನ್ನುವ ಪ್ರಶ್ನೆ ಆಮೇಲಿನದು. ಇಂಗ್ಲಿಷ್ ಆರ್ಟಿಕಲ್‌ಗೆ ಮಾತ್ರ ಅದೇ ಮುಖ್ಯ ಕೆಲಸ.

ಇಲ್ಲೇ ಹೊಸಬರು ಮಾಡುವ ಇನ್ನೊಂದು ತಪ್ಪನ್ನೂ ನೋಡಿಬಿಡೋಣ. ಲೊ ಗೆರ್ಕು ಶು ಸಿಪ್ನಾ. ನಾಯಿ ನಿದ್ದೆ ಮಾಡುತ್ತಿದೆ. ನಡುವೆ ಇರುವ ಶು ಬಿಟ್ಟು ಲೊ ಗೆರ್ಕು ಸಿಪ್ನಾ ಅಂದರೆ ಏನಾಗುತ್ತದೆ? ಲೊ ಮುಂದಿರುವ ಎರಡೂ ಪದಗಳನ್ನು ನುಂಗಿಬಿಡುತ್ತದೆ. ‘ನಾಯಿ ಥರ ನಿದ್ದೆ ಮಾಡುವವರು’ ಅಂತ ಅರ್ಥ ಬರುತ್ತದೆ, ವಾಕ್ಯವೇ ಆಗುವುದಿಲ್ಲ. ಅದಕ್ಕೆ ಲೊ ಎಲ್ಲಿಗೆ ಮುಗಿಯಿತು ಅಂತ ತೋರಿಸಲು ಶು ಬೇಕು. ಶು ಬದಲು ಗೆರ್ಕು ಆದಮೇಲೆ ಕು ಹಾಕಿ ಮುಚ್ಚಿದರೂ ಆಗುತ್ತದೆ. ಆದರೆ ಸಾಮಾನ್ಯವಾಗಿ ಎಲ್ಲರೂ ಶು ಬಳಸುತ್ತಾರೆ.

ಲೊ ಅಥವಾ ಲೆ: ನಿಜವಾದ ಆಯ್ಕೆ ಇರುವುದು ಇಲ್ಲಿ

ಲೊ ಅತ್ಯಂತ ಕಡಿಮೆ ಹೇಳುವ ಆರ್ಟಿಕಲ್. ಲೊ ಗೆರ್ಕು ಅಂದರೆ ಒಂದು ನಾಯಿ ಇರಬಹುದು, ಹತ್ತು ನಾಯಿಗಳಿರಬಹುದು, ಒಟ್ಟಾರೆ ನಾಯಿ ಅನ್ನುವ ಜಾತಿಯೇ ಇರಬಹುದು. ಗೊತ್ತಿರುವ ನಾಯಿಯೂ ಆಗಬಹುದು, ಗೊತ್ತಿಲ್ಲದ್ದೂ ಆಗಬಹುದು. ಅದು ಒಪ್ಪಿಕೊಳ್ಳುವುದು ಒಂದೇ ಒಂದು ವಿಷಯ: ನಾನು ಹೇಳುತ್ತಿರುವುದು ನಿಜವಾಗಿ ನಾಯಿಯ ಬಗ್ಗೆ. ಬಾಕಿ ಎಲ್ಲ ಸಂದರ್ಭಕ್ಕೆ ಬಿಟ್ಟದ್ದು. ಕನ್ನಡದವರಿಗೆ ಇದು ಕಷ್ಟವೇ ಅಲ್ಲ. ‘ನಾಯಿ ಬಂತು’ ಅಂತ ನಾವು ದಿನವೂ ಹೇಳುತ್ತೇವೆ, ಯಾವ ನಾಯಿ ಅಂತ ಮುಂದೆ ಒಂದು ಪದ ಅಂಟಿಸುವುದಿಲ್ಲ. ಇಂಗ್ಲಿಷಿನವರಿಗೆ ಲೊ ಅರ್ಥ ಮಾಡಿಸಲು ಪುಟಗಟ್ಟಲೆ ಬೇಕು. ನಮಗೆ ಇಂಗ್ಲಿಷನ್ನು ತಲೆಯಿಂದ ಸ್ವಲ್ಪ ಹೊತ್ತು ಹೊರಗಿಟ್ಟರೆ ಸಾಕು.

ಲೆ ಹೇಳುವುದು ಬೇರೆ. ನನ್ನ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ವಸ್ತು ಇದೆ, ಅದನ್ನು ನಿನಗೆ ಗುರುತಿಸಿಕೊಡಲು ಈ ಪದ ಬಳಸುತ್ತಿದ್ದೇನೆ. ಕೇಳುವವರಿಗೆ ಅದು ಮೊದಲೇ ಗೊತ್ತಿರಬೇಕು ಅಂತೇನಿಲ್ಲ. ಇಂಗ್ಲಿಷಿನ ‘ದಿ’ಗೆ ಅದು ಬೇಕು, ಲೆಗೆ ಬೇಡ. ಕಥೆಯ ಮೊದಲ ವಾಕ್ಯದಲ್ಲೇ, ಯಾರಿಗೂ ಪರಿಚಯ ಮಾಡಿಸದ ರಾಜನಿಗೆ ಲೆ ಹಾಕಬಹುದು. ಹೇಳುವವನಿಗೆ ಯಾವ ರಾಜ ಅಂತ ಗೊತ್ತು, ಅಷ್ಟು ಸಾಕು. ಅದೇ ಸೂರ್ಯನಿಗೆ ಇಂಗ್ಲಿಷಿನಲ್ಲಿ ‘ದಿ’ ಬಿಟ್ಟರೆ ಗತಿಯಿಲ್ಲ. ಲೋಜ್ಬಾನ್‌ನಲ್ಲಿ ಲೊ ಸೊಲ್ರಿ ಅಂದರೆ ಮುಗಿಯಿತು.

ಕನ್ನಡದಲ್ಲಿ ಲೆಗೆ ಹತ್ತಿರದ್ದೇನಾದರೂ ಇದೆಯಾ? ನನಗೆ ಅನಿಸುವುದು, ನಮ್ಮ ‘ಅನ್ನು’ ಪ್ರತ್ಯಯ. ಕರ್ಮಸ್ಥಾನದಲ್ಲಿ ಜಡವಸ್ತುಗಳಿಗೆ ಅದನ್ನು ಹಾಕಬಹುದು, ಬಿಡಬಹುದು. ‘ಒಂದು ಪುಸ್ತಕ ಹುಡುಕುತ್ತಿದ್ದೇನೆ’ ಅಂದರೆ ಯಾವುದಾದರೂ ಆಗುತ್ತದೆ, ಓದಲು ಏನಾದರೂ ಸಿಕ್ಕರೆ ಸಾಕು ಅಂತಲೂ ಇರಬಹುದು. ‘ಒಂದು ಪುಸ್ತಕವನ್ನು ಹುಡುಕುತ್ತಿದ್ದೇನೆ’ ಅಂದರೆ ಇಂಥದ್ದೇ ಒಂದು ಪುಸ್ತಕ ಅಂತ ಕಿವಿಗೆ ಬೀಳುತ್ತದೆ. ಕೇಳುವವರಿಗೆ ಅದು ಯಾವುದು ಅಂತ ಇನ್ನೂ ಗೊತ್ತಿಲ್ಲ, ಆದರೆ ಹೇಳುವವರಿಗೆ ಗೊತ್ತು. ಲೆ ಇರುವುದು ಹೆಚ್ಚುಕಡಿಮೆ ಆ ಜಾಗದಲ್ಲಿ.

ಲೆಗೆ ಇನ್ನೊಂದು ವಿಚಿತ್ರ ಗುಣ ಇದೆ. ಮುಸ್ಸಂಜೆ ಹೊತ್ತು, ಮೆಟ್ಟಿಲ ಮೇಲೆ ಏನೋ ಮುದುಡಿ ಮಲಗಿದೆ. ನೀವು ಅದನ್ನು ತೋರಿಸಿ ಲೆ ಗೆರ್ಕು ಶು ಸಿಪ್ನಾ ಅನ್ನುತ್ತೀರಿ. ಹತ್ತಿರ ಹೋದರೆ ಅದು ಬೆಕ್ಕು. ನಿಮ್ಮ ವಾಕ್ಯ ಸುಳ್ಳಾಯಿತೇ? ಸಾಂಪ್ರದಾಯಿಕ ವಿವರಣೆಯ ಪ್ರಕಾರ ಇಲ್ಲ. ಗೆರ್ಕು ಅನ್ನುವುದು ನೀವು ಆ ಪ್ರಾಣಿಗೆ ಕೊಟ್ಟ ಗುರುತು ಅಷ್ಟೇ. ಅದು ನಿದ್ದೆ ಮಾಡುತ್ತಿದೆ ಅನ್ನುವುದು ನಿಮ್ಮ ಹೇಳಿಕೆ, ಅದು ನಿಜ. ಹಾಗಾಗಿ ಲೆ ಗೆರ್ಕು ಶು ಮ್ಲಾತು ಅಂತಲೂ ಹೇಳಬಹುದು: ನಾನು ನಾಯಿ ಅಂತ ಕರೆಯುತ್ತಿರುವ ಇದು ಬೆಕ್ಕು. ಲೊ ಗೆರ್ಕು ಶು ಮ್ಲಾತು ಅಂದರೆ ಮಾತ್ರ ಸುಮ್ನೆ ಸುಳ್ಳು. ನಾಯಿಯಾಗಿರುವುದು ಬೆಕ್ಕಾಗಿರಲು ಸಾಧ್ಯವಿಲ್ಲ, ಅಲ್ವಾ?

ಈ ಗುಣವನ್ನು ನೋಡಿ ಕೆಲವರು ಲೆಯನ್ನು ಸುಳ್ಳು ಹೇಳುವ ಆರ್ಟಿಕಲ್ ಅಂದುಕೊಳ್ಳುತ್ತಾರೆ. ಹಾಗಲ್ಲ. ನೂರಕ್ಕೆ ತೊಂಬತ್ತು ಪಾಲು ಲೆ ಗೆರ್ಕು ನಾಯಿಯೇ ಆಗಿರುತ್ತದೆ. ಮುಖ್ಯವಾದದ್ದು ಆ ‘ಇಂಥದ್ದೇ’ ಅನ್ನುವ ಭಾವ.

ಡಾಕ್ಟರ್ ಬೇಕು, ಆದರೆ ಯಾವ ಡಾಕ್ಟರ್?

ಇಷ್ಟು ಸಲೀಸಾಗಿ ಲೊ ಬಗ್ಗೆ ಹೇಳಲು ಆಗುತ್ತಿರುವುದು ಒಂದು ಬದಲಾವಣೆಯಿಂದ. 1997ರಲ್ಲಿ ಜಾನ್ ಕೋವನ್ ಬರೆದ ಅಧಿಕೃತ ವ್ಯಾಕರಣ ಬಂದಾಗ ಪ್ರತಿ ಆರ್ಟಿಕಲ್‌ಗೂ ಒಳಗೊಳಗೇ ಒಂದು ಲೆಕ್ಕ ಇರುತ್ತಿತ್ತು. ಏನೂ ಹೇಳದಿದ್ದರೂ ಲೊ ಅಂದರೆ ‘ಇರುವ ಎಲ್ಲದರಲ್ಲಿ ಕನಿಷ್ಠ ಒಂದು’. ಲೆ ಅಂದರೆ ‘ನನ್ನ ಮನಸ್ಸಿನಲ್ಲಿರುವ ಪ್ರತಿಯೊಂದೂ’.

ಕೇಳಲು ಅಚ್ಚುಕಟ್ಟು. ಬಳಸಲು ಹೋದರೆ ಕೈಕೊಡುತ್ತದೆ. ಮಿ ನಿತ್ಶು ಲೊ ಮಿಕ್ಶೆ. ನನಗೆ ಡಾಕ್ಟರ್ ಬೇಕು. ಹಳೆಯ ಲೆಕ್ಕದಲ್ಲಿ ಇದರ ಅರ್ಥ: ಕನಿಷ್ಠ ಒಬ್ಬ ಡಾಕ್ಟರ್ ಇದ್ದಾರೆ, ನನಗೆ ಬೇಕಾಗಿರುವುದು ಅವರು. ಜ್ವರ ಬಂದವನು ಹೇಳುವುದು ಅದನ್ನಾ? ಅವನಿಗೆ ಯಾರಾದರೂ ಸರಿ, ಬಂದು ನೋಡಿದರೆ ಸಾಕು. ಲೆ ಹಾಕಿದರೆ ಇನ್ನೂ ಕೆಡುತ್ತದೆ, ಮನಸ್ಸಿನಲ್ಲಿರುವ ಇಂಥವರೇ ಡಾಕ್ಟರ್ ಬೇಕು ಅಂತಾಗುತ್ತದೆ. ‘ಯಾರಾದರೂ ಒಬ್ಬ ಡಾಕ್ಟರ್’ ಅನ್ನುವ ಇಷ್ಟು ಸಣ್ಣ ಮಾತಿಗೆ ನೇರ ದಾರಿಯೇ ಇರಲಿಲ್ಲ. ತರ್ಕಕ್ಕೆಂದೇ ಕಟ್ಟಿದ ಭಾಷೆಯಲ್ಲಿ ಇದು ಮುಜುಗರದ ವಿಷಯ. ಲೋಜ್ಬಾನ್ ಬಳಸುವವರು ವರ್ಷಗಟ್ಟಲೆ ಇದರ ಬಗ್ಗೆ ವಾದ ಮಾಡಿದರು.

2000ರ ದಶಕದಲ್ಲಿ ಬಂದ ಪರಿಹಾರಕ್ಕೆ ಖೊರ್ಲೊ ಅಂತ ಹೆಸರು. ಅದು ಮಾಡಿದ್ದು ಇಷ್ಟೇ: ಆರ್ಟಿಕಲ್‌ಗಳ ಒಳಗಿದ್ದ ಆ ಗುಟ್ಟಿನ ಲೆಕ್ಕವನ್ನು ತೆಗೆದುಹಾಕಿತು. ಎಷ್ಟು ಅಂತ ನೀವು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಈಗ ಅದೇ ವಾಕ್ಯ, ಮಿ ನಿತ್ಶು ಲೊ ಮಿಕ್ಶೆ, ಜ್ವರ ಬಂದವನ ಬಾಯಲ್ಲಿ ಸರಿಯಾಗಿಯೇ ಕೂರುತ್ತದೆ. ಲೊ ಎಲ್ಲದಕ್ಕೂ ಒಗ್ಗುವ ಆರ್ಟಿಕಲ್ ಆದದ್ದು ಹೀಗೆ.

ನೀವು ಕಲಿಯುತ್ತಿರುವ ಪಾಠ ಯಾವ ಕಾಲದ್ದು ಅಂತ ನೋಡಿಕೊಳ್ಳಿ ಅಂತ ಹೇಳುವುದು ಇದೇ ಕಾರಣಕ್ಕೆ. ವಾಕ್ಯಕ್ಕೆ ವಾಕ್ಯ ಲೆ ತುಂಬಿದ್ದರೆ, ‘ನನ್ನ ನಾಯಿ’ಗೆ ಲೆ ಮಿ ಗೆರ್ಕು ಅಂತಲೇ ಬರೆದಿದ್ದರೆ, ‘ಮಲಗಬೇಕು’ ಅನ್ನಲು ಮಿ ಜಿಶಾ ಲೆ ನು ಮಿ ಸಿಪ್ನಾ ಅಂದಿದ್ದರೆ, ಅದು ಹಳೆಯ ಶೈಲಿ ಇರುವ ಸಾಧ್ಯತೆ ಜಾಸ್ತಿ. ಈಗಿನವರು ಲೊ ಮಿ ಗೆರ್ಕು, ಲೊ ನು ಮಿ ಸಿಪ್ನಾ ಅನ್ನುತ್ತಾರೆ. ಹಳೆಯದು ತಪ್ಪು ಅಂತಲ್ಲ. ಮಲಗುವ ಒಂದು ಸಂಗತಿಯನ್ನು ‘ಇಂಥದ್ದೇ’ ಅಂತ ತೋರಿಸಬೇಕಾದ ಅಗತ್ಯ ಅಲ್ಲಿರಲಿಲ್ಲ, ಅಷ್ಟೇ.

ಹೆಸರಿಗೆ ಲಾ

ಲಾ ವಿಷಯದಲ್ಲಿ ಗೊಂದಲ ಕಡಿಮೆ. ಅದು ಬಂದರೆ ಮುಂದಿರುವುದು ಹೆಸರು. ಲಾ ಜಾನ್ ಅಂದರೆ ಜಾನ್ ಅನ್ನುವ ಹೆಸರಿನವರು. ಲೋಜ್ಬಾನ್‌ನ ಹೆಸರು ಪದಗಳು ವ್ಯಂಜನದಲ್ಲೇ ಮುಗಿಯಬೇಕು. ಹಾಗಾಗಿ ಮರಿಯಾ ಅನ್ನುವವರು ಬಾಲಕ್ಕೆ ಒಂದು ‘ಸ್’ ಅಥವಾ ‘ನ್’ ಅಂಟಿಸಿಕೊಂಡು ಲಾ ಮರಿಯಾಸ್ ಆಗುತ್ತಾರೆ. ಹೆಸರಿನ ಹಿಂದೆ ಮುಂದೆ ಸಣ್ಣ ವಿರಾಮ ಇರಬೇಕು. ಬರಹದಲ್ಲಿ ಅದನ್ನು ಚುಕ್ಕಿ ಇಟ್ಟು ತೋರಿಸುತ್ತಾರೆ.

ಲಾ ಸಾಮಾನ್ಯ ಪದಗಳ ಮುಂದೆಯೂ ಬರುತ್ತದೆ. ಶ್ರಿಬೆ ಅಂದರೆ ಕರಡಿ. ಲೊ ಶ್ರಿಬೆ ಶು ಸಿಪ್ನಾ ಅಂದರೆ ಕರಡಿ ಮಲಗಿದೆ. ಲಾ ಶ್ರಿಬೆ ಶು ಸಿಪ್ನಾ ಅಂದರೆ ‘ಕರಡಿ’ ಅಂತ ಹೆಸರಿರುವ ಯಾರೋ ಮಲಗಿದ್ದಾರೆ. ಅವರು ಮನುಷ್ಯರಿರಬಹುದು, ಬೆಕ್ಕಿರಬಹುದು, ದೋಣಿಯೂ ಇರಬಹುದು. ಲೆ ಜೊತೆ ಹೋಲಿಸಿ: ಲೆ ಶ್ರಿಬೆ ಅಂದಾಗ ಈ ಹೊತ್ತಿಗೆ ನಾನು ಅದನ್ನು ಕರಡಿ ಅಂತ ವರ್ಣಿಸುತ್ತಿದ್ದೇನೆ. ಲಾ ಶ್ರಿಬೆ ಅಂದಾಗ ಅದಕ್ಕೆ ಆ ಹೆಸರು ಇದೆ. ವರ್ಣನೆ ನನ್ನದು, ಹೆಸರು ಅವರದು.

ಸಂಖ್ಯೆ ಎಲ್ಲಿ ಕೂರಬೇಕು?

ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ಜಾಗ ಬದಲಾದರೆ ಅರ್ಥ ಬದಲಾಗುತ್ತದೆ. ಶಿ ಅಂದರೆ ಮೂರು, ರೆ ಅಂದರೆ ಎರಡು, ರೊ ಅಂದರೆ ಎಲ್ಲ.

ಆರ್ಟಿಕಲ್ ಆದಮೇಲೆ ಸಂಖ್ಯೆ ಬಂದರೆ, ಮಾತಿಗೆ ಬಂದಿರುವವು ಒಟ್ಟು ಎಷ್ಟು ಅಂತ. ಲೊ ಶಿ ಗೆರ್ಕು: ಮೂರು ನಾಯಿಗಳು. ಆರ್ಟಿಕಲ್‌ಗೆ ಮೊದಲೇ ಬಂದರೆ, ಅವುಗಳಲ್ಲಿ ಎಷ್ಟರ ಬಗ್ಗೆ ಈ ಮಾತು ನಿಜ ಅಂತ. ಎರಡನ್ನೂ ಸೇರಿಸಿ ರೆ ಲೊ ಶಿ ಗೆರ್ಕು ಶು ಸಿಪ್ನಾ ಅಂದರೆ, ಮೂರು ನಾಯಿಗಳಲ್ಲಿ ಎರಡು ಮಲಗಿವೆ. ಮೂರನೆಯದು ಎದ್ದಿದೆ ಅಂತಲೂ ಇದರಲ್ಲೇ ಗೊತ್ತಾಗುತ್ತದೆ, ಯಾಕೆಂದರೆ ಲೋಜ್ಬಾನ್‌ನಲ್ಲಿ ಎರಡು ಅಂದರೆ ಸರಿಯಾಗಿ ಎರಡೇ. ‘ಕನಿಷ್ಠ’ ಬೇಕಾದರೆ ಸುಹೊ ಸೇರಿಸಬೇಕು.

ಆರ್ಟಿಕಲ್ಲೇ ಇಲ್ಲದೆ ಬರೀ ಸಂಖ್ಯೆಯೂ ನಡೆಯುತ್ತದೆ. ಮಿ ವಿಸ್ಕಾ ಶಿ ಗೆರ್ಕು: ನನಗೆ ಮೂರು ನಾಯಿಗಳು ಕಾಣುತ್ತಿವೆ. ಇದನ್ನು ನೋಡಿ ಇಂಗ್ಲಿಷಿನ ‘ಎ’ ಬದಲಿಗೆ ಪಾ, ಅಂದರೆ ಒಂದು, ಹಾಕುವವರಿದ್ದಾರೆ. ಮಿ ವಿಸ್ಕಾ ಪಾ ಗೆರ್ಕು ಅಂದರೆ ಕಾಣುತ್ತಿರುವುದು ಒಂದೇ ಒಂದು ನಾಯಿ, ಎರಡನೆಯದಿಲ್ಲ. ಸುಮ್ನೆ ‘ಅಲ್ಲೊಂದು ನಾಯಿ ಇದೆ’ ಅನ್ನಬೇಕಾದ ಕಡೆ ಇದು ಅತಿಯಾಯಿತು. ಲೊ ಸಾಕು.

ಈಗ ಲೊಯ್‌ಗೆ ಬರೋಣ. ಮೂವರು ದೋಣಿ ಹೊರುತ್ತಿದ್ದಾರೆ. ಪ್ರೆನು ಅಂದರೆ ವ್ಯಕ್ತಿ, ಬೆವ್ರಿ ಅಂದರೆ ಹೊರು, ಬ್ಲೊತಿ ಅಂದರೆ ದೋಣಿ.

ಲೊ ಶಿ ಪ್ರೆನು ಶು ಬೆವ್ರಿ ಲೊ ಬ್ಲೊತಿ. ಮೂವರು ದೋಣಿ ಹೊರುತ್ತಿದ್ದಾರೆ. ಒಟ್ಟಿಗೋ, ಬೇರೆ ಬೇರೆಯೋ, ಹೇಳಿಲ್ಲ.

ಲೊಯ್ ಶಿ ಪ್ರೆನು ಶು ಬೆವ್ರಿ ಲೊ ಬ್ಲೊತಿ. ಮೂವರೂ ಕೈಜೋಡಿಸಿ ಹೊರುತ್ತಿದ್ದಾರೆ. ಹೊರುತ್ತಿರುವುದು ಗುಂಪು.

ರೊ ಲೊ ಶಿ ಪ್ರೆನು ಶು ಬೆವ್ರಿ ಲೊ ಬ್ಲೊತಿ. ಮೂವರಲ್ಲಿ ಪ್ರತಿಯೊಬ್ಬರೂ ಹೊರುತ್ತಿದ್ದಾರೆ.

ಕನ್ನಡದಲ್ಲಿ ಇದಕ್ಕೆ ‘ಸೇರಿ’, ‘ತಲಾ’, ‘ಒಬ್ಬೊಬ್ಬರೂ’ ಅಂತ ಬೇರೆ ಪದ ಹುಡುಕುತ್ತೇವೆ. ಲೋಜ್ಬಾನ್ ಆರ್ಟಿಕಲ್ ಮತ್ತು ಸಂಖ್ಯೆಯಲ್ಲೇ ಮುಗಿಸುತ್ತದೆ. ನನ್ನ ಮಟ್ಟಿಗೆ ಈ 11 ಪದಗಳಲ್ಲಿ ಲೊ ಬಿಟ್ಟರೆ ನಿಜವಾಗಿ ಉಪಯೋಗಕ್ಕೆ ಬರುವುದು ಲೊಯ್. ಆದರೆ ದೋಣಿ ಒಂದೇ ಅಂತ ಸಂದರ್ಭದಿಂದ ಗೊತ್ತಿದ್ದರೆ ಲೊ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಹಳೆಯ ಬರಹದಲ್ಲಿ ಲೆ ಶಿ ಪ್ರೆನು ಅಂತ ಕಂಡರೆ ಮಾತ್ರ ಹುಷಾರು. ಆಗಿನ ಲೆಕ್ಕದಲ್ಲಿ ಅದು ‘ಪ್ರತಿಯೊಬ್ಬರೂ’ ಅಂತ ಆಗುತ್ತಿತ್ತು, ಈಗ ಹಾಗೆ ಓದಬೇಕಾಗಿಲ್ಲ.

ಉಳಿದವು

ಲೆಯ್ ಮತ್ತು ಲಾಯ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೊಗೆ ಲೊಯ್ ಹೇಗೋ ಲೆಗೆ ಲೆಯ್, ಲಾಗೆ ಲಾಯ್. ಒಂದು ಮನೆತನದ ಹೆಸರಿನವರೆಲ್ಲ ಸೇರಿ ಏನೋ ಮಾಡಿದರು ಅನ್ನಲು ಲಾಯ್ ಚೆನ್ನಾಗಿ ಒಪ್ಪುತ್ತದೆ.

ಲೊಹಿ, ಲೆಹಿ, ಲಾಹಿ ಗಣಗಳಿಗೆ. ಗಣಿತದ ಪಾಠದಲ್ಲಿ ಬರುವ ಗಣವೇ. ಗುಂಪು ದೋಣಿ ಹೊರಬಹುದು, ಗಣ ಹೊರಲಾರದು. ಅದು ಬೊಗಳುವುದಿಲ್ಲ, ಮಲಗುವುದಿಲ್ಲ. ಅದಕ್ಕಿರುವುದು ಸದಸ್ಯರು, ಸದಸ್ಯರ ಸಂಖ್ಯೆ, ಅಂಥವು ಮಾತ್ರ. ‘ಸದಸ್ಯವಾಗಿರು’ ಅನ್ನುವ ಅರ್ಥದ ಶ್ಮಿಮಾ ಪದದ ಎರಡನೇ ಜಾಗದಲ್ಲಿ ಲೊಹಿ ಕಾಣಬಹುದು. ಗಣಿತ ಬರೆಯದಿದ್ದರೆ ಇದರ ತಂಟೆಗೆ ಹೋಗಬೇಡಿ. ಲೊಹಿ ಮತ್ತು ಲೊಯ್ ನಡುವೆ ತಡಕಾಡುವ ಪರಿಸ್ಥಿತಿ ಬಂದರೆ ನಿಮಗೆ ಬೇಕಿರುವುದು ಹೆಚ್ಚಿನ ಸಲ ಲೊಯ್.

ಲೊಹೆ ಮತ್ತು ಲೆಹೆ ಸ್ವಲ್ಪ ಮಜವಾಗಿವೆ. ಲೊಹೆ ಮ್ಲಾತು ಅಂದರೆ ಮಾದರಿ ಬೆಕ್ಕು, ಬೆಕ್ಕು ಅಂದರೆ ಸಾಮಾನ್ಯವಾಗಿ ಹೇಗಿರುತ್ತದೋ ಅದು. ಲೆಹೆ ಮ್ಲಾತು ಅಂದರೆ ಹೇಳುವವರ ಕಲ್ಪನೆಯಲ್ಲಿರುವ ಬೆಕ್ಕು, ಅಂದರೆ ಅವರ ಪೂರ್ವಗ್ರಹದ ಬೆಕ್ಕು. ‘ಬೆಕ್ಕು ಮಾಂಸ ತಿನ್ನುತ್ತದೆ’ ಅನ್ನಲು ಲೊಹೆ ಸರಿ. ‘ಬೆಕ್ಕುಗಳಿಗೆ ಕೃತಜ್ಞತೆಯೇ ಇಲ್ಲ’ ಅನ್ನುವವರು ಪ್ರಾಮಾಣಿಕರಾಗಿದ್ದರೆ ಲೆಹೆ ಬಳಸಬೇಕು. ಇದು ನಿಜವಾದ ಬೆಕ್ಕಿನ ಮಾತಲ್ಲ, ನನ್ನ ಅಭಿಪ್ರಾಯದ ಬೆಕ್ಕಿನ ಮಾತು ಅಂತ ಆರ್ಟಿಕಲ್ಲೇ ಒಪ್ಪಿಕೊಳ್ಳುತ್ತದೆ. ಇಂಥದ್ದೊಂದು ನಮಗೂ ಇದ್ದಿದ್ದರೆ ಎಷ್ಟೋ ಜಗಳ ಕಡಿಮೆಯಾಗುತ್ತಿತ್ತೇನೋ.

ಆದರೆ ಖೊರ್ಲೊ ಬಂದಮೇಲೆ ಲೊಹೆಗೆ ಕೆಲಸ ಕಡಿಮೆಯಾಗಿದೆ. ಲೊ ಮ್ಲಾತು ಅಂದರೂ ಒಟ್ಟಾರೆ ಬೆಕ್ಕು ಅಂತ ಆಗುತ್ತದಲ್ಲ. ಮಿ ನೆಲ್ಶಿ ಲೊ ಮ್ಲಾತು ಅಂದರೆ ನನಗೆ ಬೆಕ್ಕು ಅಂದರೆ ಇಷ್ಟ, ಎದುರಿಗೆ ಬೆಕ್ಕೇ ಇರಬೇಕಾಗಿಲ್ಲ. ಎದುರಿಗಿರುವ ಈ ಬೆಕ್ಕೇ ಇಷ್ಟ ಅನ್ನಬೇಕಾದಾಗ ಲೆ ಮ್ಲಾತು ಅನ್ನಿ. ಇನ್ನೂ ಸ್ಪಷ್ಟವಾಗಬೇಕಾದರೆ ತಿ, ಅಂದರೆ ಇದು, ಅಂತ ಬೆರಳು ಮಾಡಿ ತೋರಿಸಿ. ಅದಕ್ಕೆ ಆರ್ಟಿಕಲ್ ಬೇಕಾಗಿಯೇ ಇಲ್ಲ.